ತಳದ ಮುದ್ರೆಯನ್ನು ಕೊನೆಗೆ ನೋಡಿ

ವಾಟ್ಸಾಪ್‌ನಲ್ಲಿ ನನಗೆ ಬರುವ ಫೋಟೋಗಳಲ್ಲಿ ಹೆಚ್ಚಿನವು ಒಂದೇ ಥರ ಇರುತ್ತವೆ. ಮಗುಚಿಟ್ಟ ಹೂದಾನಿಯ ತಳ. ನಡುವೆ ನೀಲಿಯಲ್ಲೋ ಕೆಂಪಿನಲ್ಲೋ ಆರು ಚೀನೀ ಅಕ್ಷರ. ಜೊತೆಗೆ ಮೊಬೈಲ್ ಆ್ಯಪ್ ಮಾಡಿಕೊಟ್ಟ ಅನುವಾದ: ‘ಮಹಾ ಚಿಂಗ್ ವಂಶದ ಚಿಯೆನ್‌ಲಾಂಗ್ ಆಳ್ವಿಕೆಯಲ್ಲಿ ತಯಾರಾದದ್ದು’ (ಚಿಯೆನ್‌ಲಾಂಗ್ ಅಂದರೆ 18ನೇ ಶತಮಾನದ ಚೀನೀ ದೊರೆ). ಅದರ ಕೆಳಗೆ ಪ್ರಶ್ನೆ: ‘ಸರ್, ಎಷ್ಟು ಬರಬಹುದು?’ ಹೂದಾನಿಯ ಮೈ ಕಾಣುವ ಫೋಟೋ ಒಂದೂ ಇರುವುದಿಲ್ಲ.

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ ಹಳೆಯ ಪಿಂಗಾಣಿಯ ಕಾಲ, ಬೆಲೆ ಹೇಳುವುದು ನನ್ನ ಕೆಲಸ. ಇಲ್ಲಿನ ಕನ್ನಡದವರು ಚಾರಿಟಿ ಅಂಗಡಿಯಲ್ಲಿ, ಭಾನುವಾರದ ಸಂತೆಯಲ್ಲಿ ಏನಾದರೂ ಕಂಡರೆ ನನಗೆ ಫೋಟೋ ಕಳಿಸುತ್ತಾರೆ. ಕಳಿಸಲಿ, ನನಗೆ ಖುಷಿಯೇ. ಆದರೆ ಈ ತಳದ ಮುದ್ರೆಯ ಮೋಹ ಒಂದಿದೆಯಲ್ಲ, ಅದರಿಂದ ದುಡ್ಡು ಕಳೆದುಕೊಂಡವರನ್ನು ನೋಡಿ ನೋಡಿ ಸಾಕಾಗಿದೆ. ಅದಕ್ಕೇ ಇವತ್ತು ಅದೊಂದನ್ನೇ ಬಿಡಿಸಿ ಹೇಳುತ್ತೇನೆ.

ಆ್ಯಪ್ ಓದಿದ್ದು ಸರಿಯಾಗಿಯೇ ಇರುತ್ತದೆ. ಬರೆದವನು ನಿಜವನ್ನೇ ಬರೆದನೇ ಅನ್ನೋದು ಬೇರೆ ಪ್ರಶ್ನೆ.

ಚೀನಾದ ಪಿಂಗಾಣಿಯ ಊರು ಜಿಂಗ್‌ಡೆಜೆನ್. ಅಲ್ಲಿ ಕಾಂಗ್ಶಿ ದೊರೆಯ ಕಾಲದಲ್ಲಿ, ಅಂದರೆ 1662ರಿಂದ 1722ರವರೆಗೆ, ಎಷ್ಟೋ ಕುಂಬಾರರು ತಾವು ಮಾಡಿದ್ದರ ತಳದಲ್ಲಿ ಚೆಂಗ್‌ಹ್ವಾ ದೊರೆಯ ಹೆಸರು ಬರೆದರು. ಚೆಂಗ್‌ಹ್ವಾ ಆಳಿದ್ದು 1465ರಿಂದ 1487ರವರೆಗೆ. ನಡುವೆ ಹತ್ತಿರ ಹತ್ತಿರ 200 ವರ್ಷ! ಇದೆಲ್ಲ ಮೋಸ ಮಾಡಲೆಂದೇ ಬರೆದದ್ದು ಅಂತ ತಿಳಿಯಬೇಡಿ. ಚೆಂಗ್‌ಹ್ವಾ ಕಾಲದ ಕೆಲಸದ ಮೇಲೆ ಅವರಿಗೆ ಅಷ್ಟು ಗೌರವವಿತ್ತು. ಇನ್ನೂ ಒಂದು ಕಾರಣವಿದೆ. 1677ರ ಸುಮಾರಿಗೆ ಅಲ್ಲಿನ ಅಧಿಕಾರಿಯೊಬ್ಬ, ಆಳುವ ದೊರೆಯ ಹೆಸರನ್ನು ಪಿಂಗಾಣಿಯ ಮೇಲೆ ಬರೆಯಬಾರದು ಅಂತ ಆದೇಶ ಹೊರಡಿಸಿದ. ಪಾತ್ರೆ ಒಡೆದು ದೊರೆಯ ಹೆಸರು ತಿಪ್ಪೆಗೆ ಬೀಳಬಾರದು ಅಂತ. ಹಾಗಾಗಿ ಆ ಕಾಲದ ಒಳ್ಳೊಳ್ಳೆಯ ತಟ್ಟೆಗಳ ತಳದಲ್ಲಿ ಬರೀ ಎರಡು ನೀಲಿ ವೃತ್ತಗಳಿವೆ, ಒಳಗೆ ಖಾಲಿ. ಕೆಲವದರಲ್ಲಿ ಒಂದು ಎಲೆ, ಇನ್ನು ಕೆಲವದರಲ್ಲಿ ಒಂದು ಮೊಲ.

ಮುಂದೆ ಕಾಂಗ್ಶಿಯ ಹೆಸರಿಗೂ ಅದೇ ಆಯಿತು. 19ನೇ ಶತಮಾನದ ಕೊನೆಯಲ್ಲಿ ಯುರೋಪಿನವರು ನೀಲಿ ಮೈಮೇಲೆ ಬಿಳಿ ಹೂವಿರುವ ಶುಂಠಿ ಜಾಡಿಗಳಿಗೆ ಮುಗಿಬಿದ್ದರು. ಆಗ ರಾಶಿ ರಾಶಿಯಾಗಿ ಹೊರಬಂದ ಜಾಡಿಗಳ ತಳದಲ್ಲಿ ಕಾಂಗ್ಶಿಯ ನಾಲ್ಕಕ್ಷರದ ಮುದ್ರೆ ಇದೆ. ಇನ್ನು ಚಿಯೆನ್‌ಲಾಂಗ್ ಹೆಸರಿನ ಮುದ್ರೆಯನ್ನು 20ನೇ ಶತಮಾನದುದ್ದಕ್ಕೂ ಒತ್ತಿದ್ದಾರೆ. ಇವತ್ತೂ ಒತ್ತುತ್ತಿದ್ದಾರೆ.

ನಮ್ಮ ಮನೆಗಳ ಪಾತ್ರೆಗಳನ್ನೇ ನೆನಪು ಮಾಡಿಕೊಳ್ಳಿ. ಹೆಸರು ಕೊರೆಸುವುದು ನಮ್ಮಲ್ಲೂ ಇದೆ, ಅಲ್ವಾ? ಅಜ್ಜಿ ತೀರಿಕೊಂಡು ಎಷ್ಟೋ ವರ್ಷದ ಮೇಲೆ ನಮ್ಮಮ್ಮ ಒಂದು ಹೊಸ ಹಿತ್ತಾಳೆ ಡಬರಿ ತಂದರು. ಅದರ ಕಂಠದ ಮೇಲೆ ಅಜ್ಜಿಯ ಹೆಸರು ಕೊರೆಸಿದರು, ಪ್ರೀತಿಯಿಂದ. ನೂರು ವರ್ಷ ಬಿಟ್ಟು ಯಾರೋ ಆ ಹೆಸರು ಓದಿ, ಇದು ಅಜ್ಜಿಯ ಮದುವೆಯಲ್ಲಿ ಕೊಟ್ಟ ಡಬರಿ ಅಂದರೆ? ಹೆಸರು ಅಜ್ಜಿಯದೇ, ಡಬರಿ ಮಾತ್ರ ಅಜ್ಜಿ ಕಣ್ಣಲ್ಲೂ ಕಂಡದ್ದಲ್ಲ. ಚೆಂಗ್‌ಹ್ವಾ ಮುದ್ರೆಯ ಕಾಂಗ್ಶಿ ತಟ್ಟೆಯೂ ಹಾಗೇ.

ಇಂಗ್ಲಿಷ್ ಪಿಂಗಾಣಿಯಲ್ಲಿ ಅಕ್ಷರ ಓದಲು ಬರುತ್ತದೆ, ಹಾಗಾಗಿ ಮೋಸವಾಗಲ್ಲ ಅಂದುಕೊಳ್ಳುತ್ತಾರೆ. ಅಲ್ಲೂ ಆಗುತ್ತದೆ. ವೂಸ್ಟರ್ ಕಾರ್ಖಾನೆ ಶುರುವಾದದ್ದು 1751ರಲ್ಲಿ. ಮೊದಲ ದಶಕಗಳಲ್ಲಿ ಅವರು ತಳದಲ್ಲಿ ಚೀನೀ ಅಕ್ಷರದಂತೆ ಕಾಣುವ ಗೀಟುಗಳನ್ನು ಎಳೆಯುತ್ತಿದ್ದರು. ಜರ್ಮನಿಯ ಮೈಸನ್ ಕಾರ್ಖಾನೆಯ ಅಡ್ಡ ಕತ್ತಿಗಳ ಗುರುತನ್ನೂ ಹಾಕಿದ್ದುಂಟು. ಆ ಗೀಟುಗಳನ್ನು ಆ್ಯಪ್‌ಗೆ ತೋರಿಸಿದರೆ ಅದು ಏನೇನೋ ಓದುತ್ತದೆ. ಸ್ಪೋಡ್ ಕಂಪನಿಯವರ ‘ಬ್ಲೂ ಇಟಾಲಿಯನ್’ ತಟ್ಟೆಗಳ ಕಥೆ ಬೇರೆ. ಹೊಸ ತಟ್ಟೆಯ ಹಿಂದೆಯೂ 1816 ಅಂತ ಅಚ್ಚಾಗಿರುತ್ತದೆ. ಅದು ಆ ಚಿತ್ರದ ವಿನ್ಯಾಸ ಹುಟ್ಟಿದ ವರ್ಷ. ‘200 ವರ್ಷ ಹಳೆಯದು ಸರ್, ಡಿಶ್‌ವಾಷರ್‌ನಲ್ಲಿ ಹಾಕಬಹುದು ಅಂತಲೂ ಬರೆದಿದೆ’ ಅಂತ ಒಬ್ಬರು ನನಗೆ ಫೋನ್ ಮಾಡಿದ್ದರು. ಪಾಪ, ಒಳ್ಳೆಯ ಮನುಷ್ಯ. ಆ ಎರಡು ಮಾತು ಒಂದೇ ತಟ್ಟೆಯಲ್ಲಿ ಹೇಗೆ ಕೂತವು ಅಂತ ಅವರಿಗೆ ಹೊಳೆದಿರಲೇ ಇಲ್ಲ.

ಹಾಗಾದರೆ ಮುದ್ರೆಯಿಂದ ಉಪಯೋಗವೇ ಇಲ್ಲವೇ? ಇದೆ. ಇಲ್ಲೇ ಎಲ್ಲರೂ ಎಡವುವುದು, ಹಾಗಾಗಿ ನಿಧಾನವಾಗಿ ಓದಿ. ಮುದ್ರೆ ಒಂದು ವಸ್ತುವನ್ನು ಹಳೆಯದು ಅಂತ ಸಾಬೀತು ಮಾಡಲಾರದು. ಅಷ್ಟು ಹಳೆಯದಲ್ಲ ಅಂತ ಸಾಬೀತು ಮಾಡಬಲ್ಲದು. ಹಿಂದಿನ ಕಾಲದ ಹೆಸರನ್ನು ಯಾರು ಬೇಕಾದರೂ ಬರೆಯಬಹುದು, ಮುಂದೆ ಬರಲಿರುವ ಕಾಲದ ಪದವನ್ನು ಯಾರೂ ಬರೆಯಲಾರರು. ಉದಾಹರಣೆಗೆ, ಅಮೆರಿಕದ ಹೊಸ ಸುಂಕದ ಕಾನೂನಿನ ಪ್ರಕಾರ 1891ರಿಂದ ಅಲ್ಲಿಗೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಇಂಗ್ಲಿಷ್‌ನಲ್ಲಿ ಇರಬೇಕಾಯಿತು. ಹಾಗಾಗಿ ತಳದಲ್ಲಿ ‘ಇಂಗ್ಲೆಂಡ್’ ಅಂತಲೋ ‘ಚೈನಾ’ ಅಂತಲೋ ಇಂಗ್ಲಿಷ್ ಅಕ್ಷರ ಕಂಡರೆ, ಸಾಮಾನ್ಯವಾಗಿ ಅದು ಆಮೇಲಿನದು. ‘ಮೇಡ್ ಇನ್ ಇಂಗ್ಲೆಂಡ್’ ಅಂತಿದ್ದರೆ ಹೆಚ್ಚಾಗಿ 20ನೇ ಶತಮಾನದ್ದು. ವಜ್ರಾಕಾರದ ನೋಂದಣಿ ಗುರುತಿದ್ದರೆ ಆ ವಿನ್ಯಾಸ 1842ರಿಂದ 1883ರ ಒಳಗೆ ನೋಂದಣಿಯಾದದ್ದು. ಗಮನಿಸಿ, ನೋಂದಣಿಯಾದದ್ದು ವಿನ್ಯಾಸ. ನಿಮ್ಮ ಕೈಲಿರುವ ಬಸಿ ಅದರ ಮೇಲೆ ಎಷ್ಟೋ ವರ್ಷ ಬಿಟ್ಟು ಒಲೆಯಿಂದ ಬಂದಿರಬಹುದು.

ಅಕ್ಷರ ನಿಜವನ್ನೇ ಹೇಳಿದ ದೊಡ್ಡ ಉದಾಹರಣೆಯೂ ಇದೆ. ಬ್ರಿಟಿಷ್ ಮ್ಯೂಸಿಯಂನ 95ನೇ ಕೋಣೆಯಲ್ಲಿ ಡೇವಿಡ್ ಹೂದಾನಿಗಳು ಅಂತ ಒಂದು ಜೋಡಿ ಇದೆ. ನೀಲಿ ಬಿಳುಪಿನ ಎತ್ತರದ ಹೂದಾನಿಗಳು. ಕತ್ತಿನ ಹತ್ತಿರ ದೇವಸ್ಥಾನಕ್ಕೆ ಹರಕೆ ಒಪ್ಪಿಸಿದ ಬರಹವಿದೆ, ನಮ್ಮ ಲೆಕ್ಕದಲ್ಲಿ 1351ನೇ ಇಸವಿ. ಅಷ್ಟು ಹಿಂದೆ ನೀಲಿ ಬಿಳುಪಿನ ಇಂಥ ಕೆಲಸ ಇರಲಿಲ್ಲ ಅನ್ನುವ ನಂಬಿಕೆ 1920ರ ದಶಕದ ಲಂಡನ್ನಿನಲ್ಲಿ ಗಟ್ಟಿಯಾಗಿತ್ತು. ಹಾಗಾಗಿ ಇವನ್ನು ಅನುಮಾನಿಸಿದವರೇ ಜಾಸ್ತಿ. 1950ರ ದಶಕದಲ್ಲಿ ಜಾನ್ ಪೋಪ್ ಎಂಬ ವಿದ್ವಾಂಸರು ಇಸ್ತಾಂಬುಲ್ ಅರಮನೆಯ ಮತ್ತು ಇರಾನಿನ ಅರ್ದಬಿಲ್ ದರ್ಗಾದ ಪಿಂಗಾಣಿಯನ್ನು ಕೂತು ನೋಡಿದರು. ಮಣ್ಣು, ಬಣ್ಣ, ಕುಂಚದ ಓಟ ಎಲ್ಲ ಹೋಲಿಸಿದರು. ಈ ಜೋಡಿಯನ್ನು ಅಳತೆಗೋಲಾಗಿ ಇಟ್ಟುಕೊಂಡು ಒಂದಿಡೀ ಗುಂಪನ್ನು 14ನೇ ಶತಮಾನದ್ದು ಅಂತ ಬೇರ್ಪಡಿಸಿದರು. ಮೈ ಸಾಕ್ಷಿ ಹೇಳಿದ ಮೇಲೆ ಆ ಬರಹಕ್ಕೆ ಬೆಲೆ ಬಂತು.

ಮೈ ನೋಡುವುದು ಅಂದರೆ ಏನು? ನಾನು ಕೆಲಸ ಕಲಿಯುವಾಗ ಒಬ್ಬ ಹಿರಿಯರು ಮುದ್ರೆಯ ಮೇಲೆ ಕಾಗದದ ಚೂರು ಅಂಟಿಸಿ ತಟ್ಟೆ ಕೈಗೆ ಕೊಡುತ್ತಿದ್ದರು. ಕಣ್ಣು ಮುಚ್ಚಿ ತಳದ ಬಳೆ ಸವರು ಅನ್ನುತ್ತಿದ್ದರು. ತಳದ ಬಳೆ ಅಂದರೆ, ಪಾತ್ರೆ ಮೇಜಿನ ಮೇಲೆ ಕೂರುತ್ತದಲ್ಲ, ಆ ಗುಂಡನೆಯ ಅಂಚು. ಚೀನೀ ಪಾತ್ರೆಗಳಲ್ಲಿ ಅಲ್ಲಿ ಸಾಮಾನ್ಯವಾಗಿ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಇರುವುದಿಲ್ಲ, ಬರೀ ಮಣ್ಣು ಕಾಣುತ್ತದೆ. ಅಲ್ಲಿ ಉಗುರಿನ ತುದಿ ಎಳೆದು ನೋಡಿ. ಒಳ್ಳೆಯ ಕಾಂಗ್ಶಿ ಪಾತ್ರೆಯಲ್ಲಿ ಮಣ್ಣು ಅಕ್ಕಿಹಿಟ್ಟಿನಷ್ಟು ನಯ. ಬಳಸಿ ಬಳಸಿ ಆದ ಗೀರುಗಳು ಅಡ್ಡಾದಿಡ್ಡಿ ಇರುತ್ತವೆ, ಒಂದು ಆಳ, ಒಂದು ತೆಳು. ಉಪ್ಪುಕಾಗದ ಉಜ್ಜಿ ಹಳೆಯದು ಮಾಡಿದ್ದರೆ ಗೀರುಗಳೆಲ್ಲ ಒಂದೇ ದಿಕ್ಕಿಗೆ ಓಡುತ್ತವೆ. ಕಂದು ಕೊಳೆ ಇದ್ದರೆ ಒದ್ದೆ ಹತ್ತಿಯಿಂದ ಒರೆಸಿ. ಮೆತ್ತಿದ ಕೊಳೆ ಎಷ್ಟೋ ಸಲ ಹತ್ತಿಗೆ ಬಂದುಬಿಡುತ್ತದೆ.

ನೀಲಿಯನ್ನೂ ಭೂತಗನ್ನಡಿಯಲ್ಲಿ ನೋಡಿ. 15ನೇ ಶತಮಾನದ ಮೊದಲ ಭಾಗದ ಪಿಂಗಾಣಿಯಲ್ಲಿ ಕೋಬಾಲ್ಟ್ ಬಣ್ಣ ಅಲ್ಲಲ್ಲಿ ಗಟ್ಟಿಯಾಗಿ, ಕಪ್ಪು ಚುಕ್ಕೆಯಾಗಿ ಗ್ಲೇಜ್ ಒಳಗೆ ಇಳಿದಿರುತ್ತದೆ. ಓರೆ ಬೆಳಕಿನಲ್ಲಿ ಆ ಜಾಗ ಸ್ವಲ್ಪ ತಗ್ಗಾಗಿ ಕಾಣುತ್ತದೆ. 18ನೇ ಶತಮಾನದವರಿಗೆ ಅದು ಎಷ್ಟು ಇಷ್ಟವಾಯಿತು ಅಂದರೆ, ಕುಂಚದಿಂದ ಬೇಕಂತಲೇ ಚುಕ್ಕೆ ಇಟ್ಟು ಅದನ್ನು ತರಿಸಿದರು. ಆದರೆ ಇಟ್ಟ ಚುಕ್ಕೆಗಳಿಗೆ ಒಂದು ಲೆಕ್ಕ ಇರುತ್ತದೆ. ತಾನಾಗಿ ಆದದ್ದಕ್ಕೆ ಆ ಲೆಕ್ಕ ಇರುವುದಿಲ್ಲ.

ಲೆಸ್ಟರ್‌ನಲ್ಲಿ ಶಿವಮೊಗ್ಗ ಕಡೆಯ ನಿವೃತ್ತ ಡಾಕ್ಟರ್ ದಂಪತಿ ಇದ್ದಾರೆ. ಎರಡು ವರ್ಷದ ಹಿಂದೆ ಡಾಕ್ಟರು ಕರೆದರು. ‘ನೋಡಪ್ಪ, ಹರಾಜಿನಲ್ಲಿ ಒಂದು ಹಿಡಿದಿದ್ದೀನಿ. ಬಂದು ಹೇಳು.’ ಹಳದಿ ಮೈಯ ಹೂದಾನಿ, ತಳದಲ್ಲಿ ಕೆಂಪು ಚಿಯೆನ್‌ಲಾಂಗ್ ಮುದ್ರೆ. ಮೂರು ಟವೆಲ್‌ನಲ್ಲಿ ಸುತ್ತಿ ಇಟ್ಟಿದ್ದರು. ಬಿಚ್ಚುವ ಹೊತ್ತಿಗೆ ಆಂಟಿ ನಿಪ್ಪಟ್ಟು ತಂದಿಟ್ಟರು.

ಹೂದಾನಿ ಕೈಗೆ ತೆಗೆದುಕೊಂಡ ಕೂಡಲೇ ಮನಸ್ಸಿಗೆ ಕಷ್ಟವಾಯಿತು. ತಳದ ಬಳೆ ಯಂತ್ರದಲ್ಲಿ ಕಡೆದ ಹಾಗಿತ್ತು. ಹೊಳಪನ್ನು ಆಸಿಡ್‌ನಿಂದ ಮಂಕು ಮಾಡಿದ್ದರು. ಏನು ಹೇಳಲಿ ಅಂತ ತಲೆ ತಗ್ಗಿಸಿದರೆ, ನಿಪ್ಪಟ್ಟಿನ ತಟ್ಟೆ ಕಣ್ಣಿಗೆ ಬಿತ್ತು. ನೀಲಿ ಬಿಳುಪಿನ ತಟ್ಟೆ, ಹೊಳೆ, ಸೇತುವೆ, ಗುಡ್ಡ. ಅಂಚಿನ ಗ್ಲೇಜ್ ಇರುವೆ ಕಚ್ಚಿದಂತೆ ಅಲ್ಲಲ್ಲಿ ಉದುರಿತ್ತು. ನಿಪ್ಪಟ್ಟು ಬೇರೆ ತಟ್ಟೆಗೆ ಹಾಕಿಸಿ ಮಗುಚಿ ನೋಡಿದೆ. ತಳ ಪೂರ್ತಿ ಖಾಲಿ. ಬಳೆಯ ಒಳ ಅಂಚಿನಲ್ಲಿ, ಗ್ಲೇಜ್ ಮುಗಿಯುವಲ್ಲಿ, ಬೆಂಕಿ ಬಿಟ್ಟುಹೋದ ಕಿತ್ತಳೆ ಬಣ್ಣದ ತೆಳು ಗೆರೆ. 18ನೇ ಶತಮಾನದ ಎರಡನೇ ಅರ್ಧದಲ್ಲಿ ಚೀನಾದಿಂದ ಹಡಗಿನಲ್ಲಿ ಬಂದ ತಟ್ಟೆ. ಯುರೋಪಿಗೆ ರಫ್ತಾದ ಆ ಕಾಲದ ಪಿಂಗಾಣಿಯಲ್ಲಿ ಹೆಚ್ಚಿನದಕ್ಕೆ ಮುದ್ರೆಯೇ ಇಲ್ಲ. ಮುದ್ರೆ ಇಲ್ಲ ಅಂತ ಜನ ಅಂಗಡಿಯಲ್ಲಿ ಬಿಟ್ಟು ಬರುವುದು ಇಂಥವನ್ನೇ.

‘ಅಯ್ಯೋ, ಅದು ಎರಡು ಪೌಂಡಿಗೆ ತಂದದ್ದು’ ಅಂದರು ಆಂಟಿ. ಡಾಕ್ಟರು ಹೂದಾನಿಗೆ ಎಷ್ಟು ಕೊಟ್ಟಿದ್ದರು ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಸುಮ್ನೆ ಕೂತು ತಟ್ಟೆಯ ತಳವನ್ನು ಬೆರಳಲ್ಲಿ ಸವರುತ್ತಿದ್ದರು.

ಆ ತಟ್ಟೆಯಿಂದ ಅವರು ಶ್ರೀಮಂತರಾಗಲಿಲ್ಲ, ಅದನ್ನೂ ಹೇಳಬೇಕು. ರಫ್ತಿನ ತಟ್ಟೆಗಳು ಬೇಕಾದಷ್ಟು ಉಳಿದಿವೆ, ಚೂರು ಹೋದದ್ದಕ್ಕೆ ಬೆಲೆ ಇನ್ನೂ ಕಮ್ಮಿ. ಫೋಟೋ ನೋಡಿ ನಾನು ಬೆಲೆ ಹೇಳುವುದಿಲ್ಲ, ಹೇಳುವವರನ್ನು ನೀವೂ ನಂಬಬೇಡಿ. ಭಾರ, ತಟ್ಟಿದಾಗ ಬರುವ ದನಿ, ಕೂದಲೆಳೆಯಂಥ ಬಿರುಕು, ಇವು ಫೋಟೋದಲ್ಲಿ ಸಿಗುವುದಿಲ್ಲ. ಕೈಯಲ್ಲಿ ಹಿಡಿದು ನೋಡಿದ ಮೇಲೂ ನನ್ನ ಅಭಿಪ್ರಾಯ ಬದಲಾದದ್ದುಂಟು. ಕಲಿಯುವ ಆಸೆ ಇದ್ದರೆ ಮೊದಲು ಒಡೆದ ಚೂರುಗಳನ್ನು ಕೊಳ್ಳಿ, ಅಗ್ಗಕ್ಕೆ ಸಿಗುತ್ತವೆ. ಮುರಿದ ಕಡೆ ಮಣ್ಣು ಎಷ್ಟು ದಪ್ಪ, ಗ್ಲೇಜ್ ಎಷ್ಟು ದಪ್ಪ ಅಂತ ನೇರವಾಗಿ ಕಾಣುತ್ತದೆ. ಇಂಗ್ಲಿಷ್ ಪಿಂಗಾಣಿಗೆ ಸ್ಟೋಕ್‌ನ ಪಾಟರೀಸ್ ಮ್ಯೂಸಿಯಂಗೆ ಹೋಗಿ, ಒಂದು ಇಡೀ ದಿನ ಇಟ್ಟುಕೊಂಡು ಹೋಗಿ.

ಹೊರಡುವಾಗ ಆಂಟಿ ಬಾಗಿಲವರೆಗೆ ಬಂದು ಕೇಳಿದರು, ‘ಇನ್ನು ಅದರಲ್ಲಿ ನಿಪ್ಪಟ್ಟು ಇಡಬಾರದೇನೋ?’

ಧಾರಾಳವಾಗಿ ಇಡಿ ಅಂದೆ. ಕೈಯಲ್ಲೇ ತೊಳೆಯಿರಿ, ಮೈಕ್ರೋವೇವ್ ಒಳಗೆ ಮಾತ್ರ ಬೇಡ.