ಚಾಕುವಿನ ಹದ ನೀರಿನಲ್ಲಿಲ್ಲ

ಕೆಂಪಗೆ ಕಾಸಿದ ಅಲಗನ್ನು ನೀರಿಗೆ ಅದ್ದಿದೆ. ಚುಂಯ್ ಅಂತ ಹಬೆ ಎದ್ದಿತು. ಅದರ ಬೆನ್ನಿಗೇ ಸಣ್ಣದೊಂದು ಸದ್ದು: ಟಿಣ್. ಕಲಿಸುತ್ತಿದ್ದ ಅಜ್ಜ ತಲೆ ಕೂಡ ಎತ್ತಲಿಲ್ಲ. ಆ ಸದ್ದು ಏನೆಂದು ಅವರಿಗೆ ಗೊತ್ತಿತ್ತು. ಅಲಗಿನ ಬಾಯಿಂದ ಬೆನ್ನಿನವರೆಗೆ ಕೂದಲೆಳೆಯಷ್ಟು ಬಿರುಕು. ಎರಡು ಸಂಜೆ ಅರ ಉಜ್ಜಿದ್ದೆಲ್ಲ ಅಕ್ಷರಶಃ ನೀರುಪಾಲು.

ಫಿನ್‌ಲ್ಯಾಂಡ್‌ನಲ್ಲಿ ಸಂಜೆ ತರಗತಿಗೆ ಸೇರಿ ಪುಕ್ಕೊ ಎಂಬ ಅಲ್ಲಿನ ಚಾಕು ಮಾಡಲು ಹೊರಟಿದ್ದೆ. ಫಿನ್ನರು 'ಪೂ' ಅಂತ ಎಳೆಯುತ್ತಾರೆ, ನನ್ನ ನಾಲಿಗೆಗೆ ಪುಕ್ಕೊ ಸಾಕು. ಹಾಗಂತ ಪುಕ್ಕಲರ ಚಾಕು ಅನ್ಕೋಬೇಡಿ. ಅಂಗೈಯಗಲದಷ್ಟು ಉದ್ದದ ಅಲಗು, ಬರ್ಚ್ ಮರದ ಹಿಡಿ, ಸೊಂಟದಲ್ಲಿ ತೂಗುವ ಚರ್ಮದ ಒರೆ. ಮೀನು ಸೀಳಲು, ಕಟ್ಟಿಗೆ ಕೆತ್ತಲು ಇದೊಂದೇ. 19ನೇ ಶತಮಾನದಲ್ಲಿ ಅಲ್ಲಿನ ಕೌಹಾವಾ ಎಂಬ ಊರಿನ ಸುತ್ತಮುತ್ತ ಇದನ್ನೇ ಹಿಡಿದು ಹೊಡೆದಾಡುವ ಪುಂಡರ ಕಾಟವೂ ಇತ್ತು. ಅದೇ ಕೌಹಾವಾದಲ್ಲಿ 1879ರಲ್ಲಿ ಈಸಾಕ್ಕಿ ಯಾರ್ವೆನ್‌ಪ್ಯಾ ಚಾಕು ಕಾರ್ಖಾನೆ ಶುರುವಾಯಿತು.

ಸರಿ, ನೀರಿಗೆ ಬರೋಣ. ಅಲಗನ್ನು ಯಾವುದರಲ್ಲಿ ಅದ್ದಬೇಕು ಎಂಬುದರ ಸುತ್ತ ಇರುವಷ್ಟು ಮೂಢನಂಬಿಕೆ ಜಾತಕದ ಸುತ್ತಲೂ ಇರಲಿಕ್ಕಿಲ್ಲ. ಫಿನ್ನರ ಮಹಾಕಾವ್ಯ ಕಾಲೆವಾಲಾದಲ್ಲಿ ಕಮ್ಮಾರ ಇಲ್ಮಾರಿನೆನ್ ಹದದ ನೀರಿಗೆ ಜೇನು ತರಲು ಜೇನುಹುಳವನ್ನು ಕಳಿಸುತ್ತಾನೆ. ಕಣಜವೊಂದು ಅದರ ಬದಲು ಹಾವಿನ ವಿಷ ತಂದು ಸುರಿಯುತ್ತದೆ. ಕಬ್ಬಿಣ ಮನುಷ್ಯನನ್ನು ಕಡಿಯಲು ಕಲಿತದ್ದು ಹೀಗಂತೆ. ಕಾವ್ಯದಲ್ಲಿ ಚೆಂದ. ಆದರೆ 12ನೇ ಶತಮಾನದ ಸನ್ಯಾಸಿ ಥಿಯೋಫಿಲಸ್ ಗಂಭೀರವಾಗಿಯೇ ಬರೆದಿಟ್ಟಿದ್ದಾನೆ: ಕೆಂಗೂದಲಿನ ಹುಡುಗನ ಮೂತ್ರದಲ್ಲಿ ಅದ್ದಿದರೆ ಉಕ್ಕು ಇನ್ನೂ ಗಟ್ಟಿ! ಕಪ್ಪುಗೂದಲಿನವನದ್ದು ಯಾಕಾಗದು ಎಂದು ಆತ ಹೇಳುವುದಿಲ್ಲ.

ತಮಾಷೆ ಏನೆಂದರೆ, ಇದರಲ್ಲಿ ಒಂದು ಚಿಟಿಕೆ ಸತ್ಯವಿದೆ. ಚಿಟಿಕೆ ಉಪ್ಪು ಅನ್ನಿ. ಕಾದ ಅಲಗು ನೀರಿಗೆ ಇಳಿದ ಕ್ಷಣ ಅದರ ಮೈಗೆ ಹಬೆಯ ಕಂಬಳಿ ಸುತ್ತಿಕೊಳ್ಳುತ್ತದೆ. ಕಾದ ಕಾವಲಿಗೆ ಚಿಮುಕಿಸಿದ ನೀರಿನ ಹನಿ ಆರದೆ ಓಡಾಡುತ್ತದಲ್ವಾ, ಅದೇ ಕಂಬಳಿ. ಉಪ್ಪು ಅದನ್ನು ಬೇಗ ಹರಿದುಹಾಕುತ್ತದೆ, ಅಲಗು ಇನ್ನೂ ಬೇಗ ತಣಿಯುತ್ತದೆ. ಮೂತ್ರ ಉಪ್ಪುನೀರು, ಅಷ್ಟೇ. ಹುಡುಗನ ಕೂದಲನ್ನು ಸುಮ್ನೆ ಎಳೆದು ತಂದಿದ್ದಾರೆ.

ಅಷ್ಟೊಂದು ಅವಸರ ಯಾಕೆ? ಉಕ್ಕು ಅಂದರೆ ಕಬ್ಬಿಣಕ್ಕೆ ಚೂರು ಇಂಗಾಲ ಸೇರಿದ್ದು. ಮೆತ್ತಗಿನ ಕಬ್ಬಿಣದಲ್ಲಿ ಇಂಗಾಲಕ್ಕೆ ಜಾಗವೇ ಇಲ್ಲ ಅನ್ನಬಹುದು. ಸುಮಾರು 800 ಡಿಗ್ರಿಗೆ ಕಾಸಿದಾಗ ಕಬ್ಬಿಣದ ಪರಮಾಣುಗಳು ಸಾಲು ಬದಲಿಸಿ ನಿಲ್ಲುತ್ತವೆ, ನಡುವೆ ಸಂದಿಗಳಾಗುತ್ತವೆ, ಇಂಗಾಲ ಒಳಗೆ ನುಗ್ಗುತ್ತದೆ. ಮೆಜೆಸ್ಟಿಕ್‌ನಲ್ಲಿ ಬಾಗಿಲು ತೆರೆದ ಬಸ್ಸಿನ ಹಾಗೆ. ನಿಧಾನ ತಣಿಸಿದರೆ ಇಂಗಾಲ ಆರಾಮವಾಗಿ ಸಾಲಿನಿಂದ ಇಳಿದು ಪಕ್ಕದಲ್ಲಿ ಗುಂಪುಗೂಡುತ್ತದೆ, ಕಬ್ಬಿಣ ಮತ್ತೆ ಮೆತ್ತಗೆ. ಥಟ್ಟನೆ ತಣಿಸಿದಿರೋ, ಡ್ರೈವರ್ ಬಾಗಿಲು ಹಾಕಿಬಿಟ್ಟ. ಹಳೆಯ ಸಾಲಿಗೆ ಮರಳಲು ಹೊರಟ ಕಬ್ಬಿಣದ ನಡುವೆ ಇಂಗಾಲ ಸಿಕ್ಕಿಬಿದ್ದು ಸಾಲೇ ಸೊಟ್ಟಗಾಗುತ್ತದೆ. ಇಸ್ಪೀಟ್ ಎಲೆಗಳ ನಡುವೆ ಮರಳು ಉದುರಿಸಿದಂತೆ, ಗಾಡಿಯ ಗಾಲಿಗೆ ಬೆಣೆ ಕೊಟ್ಟಂತೆ, ಯಾವ ಸಾಲೂ ಜಾರದು. ಗಟ್ಟಿತನ ಅಂದರೆ ಅದೇ. ಜೊತೆಗೆ ಉಕ್ಕು ಹಿಗ್ಗುತ್ತದೆ ಕೂಡ. ತೆಳುವಾದ ಬಾಯಿ ಮೊದಲು ಗಟ್ಟಿಯಾಗಿ, ದಪ್ಪನೆಯ ಬೆನ್ನು ಆಮೇಲೆ ಹಿಗ್ಗಲು ಹೋದರೆ, ಟಿಣ್.

ನನ್ನ ಅಲಗಿನದು ನೀರಿಗಿಂತ ನಿಧಾನ ತಣಿಸುವ ಎಣ್ಣೆಯಲ್ಲೇ ಗಟ್ಟಿಯಾಗುವ ಉಕ್ಕು. ನೀರಿನ ಆತುರ ಅದಕ್ಕೆ ಬೇಕಿರಲಿಲ್ಲ.

ಇಂಗಾಲದ ಈ ಆಟವನ್ನು ನಮ್ಮವರು ಮೂಸೆಯಲ್ಲಿ ಆಡಿದವರು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿ ಮುಂದೆ 'ವೂಟ್ಸ್' ಉಕ್ಕಿನ ಬಗ್ಗೆ ಪ್ರಬಂಧ ಓದಿದ. ಆ ಪದ ನಮ್ಮ 'ಉಕ್ಕು' ಬಾಯಿಂದ ಬಾಯಿಗೆ ಸೊಟ್ಟಗಾಗಿ ಆದದ್ದು ಅನ್ನುತ್ತಾರೆ. ಮುಂದೆ ಮೈಕೆಲ್ ಫ್ಯಾರಡೆ ಕೂಡ ಅದರ ಗುಟ್ಟು ಹುಡುಕಿ ಒದ್ದಾಡಿದ.

ಎರಡನೇ ಅಲಗನ್ನು ಎಣ್ಣೆಗೆ ಅದ್ದಿದೆ, ಬಿರುಕು ಬರಲಿಲ್ಲ. ಆದರೆ ಆ ಹಂತದಲ್ಲಿ ಅದು ಗಾಜಿನಂತೆ, ನೆಲಕ್ಕೆ ಬಿದ್ದರೆ ಎರಡು ತುಂಡು. ಅಡುಗೆಮನೆಯ ಓವನ್‌ನಲ್ಲಿ 200 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟೆ. ಸಿಕ್ಕಿಬಿದ್ದ ಇಂಗಾಲದಲ್ಲಿ ಸ್ವಲ್ಪಕ್ಕೆ ಬಿಡುಗಡೆ, ಬಿಗುವು ಇಳಿಯಿತು. ಉಜ್ಜಿ ಹೊಳಪಾಗಿಸಿದ್ದ ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಮಳೆ ಬಿದ್ದ ರಸ್ತೆಯಲ್ಲಿ ಪೆಟ್ರೋಲ್ ಹನಿ ಬಣ್ಣ ತೋರಿಸುವಂತೆಯೇ ಇದೂ. ಕಾವಿಗೆ ಕಬ್ಬಿಣ ಗಾಳಿಯ ಆಮ್ಲಜನಕದ ಜೊತೆ ಸೇರಿ ಆದ ಅತಿ ತೆಳು ಪದರದಲ್ಲಿ ಬೆಳಕು ಆಡುವ ಆಟ.

ಹಿಡಿ ಕೆತ್ತಿ ಅಗಸೆ ಎಣ್ಣೆ ಸವರಿದ್ದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಬಿಸಾಡಬೇಡಿ. ಈ ಎಣ್ಣೆ ನೀರಿನಂತೆ ಆವಿಯಾಗಿ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಆಗ ಶಾಖ ಹುಟ್ಟುತ್ತದೆ, ಮುದ್ದೆ ತಾನಾಗಿ ಹೊತ್ತಿಕೊಳ್ಳಬಹುದು. ಇದನ್ನು ಭಾನಾಮತಿ ಅಂದವರೂ ಇದ್ದಾರು.

ಒರೆ ಹೊಲಿಯುವುದು ನನಗೆ ಹೆಚ್ಚು ಇಷ್ಟವಾಯಿತು. ತೊಗಟೆಯ ಒಗರಿನಲ್ಲಿ ಹದ ಮಾಡಿದ ಚರ್ಮವೇ ಬೇಕು. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಚಾಕುವಿನ ಸುತ್ತ ಸುತ್ತಿ, ಹಿಂಬದಿಯಲ್ಲಿ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ ಹೊಲಿಯುತ್ತಾರೆ. ಒಳಗೆ ಅಲಗಿಗೆ ಮರದ ಗೂಡು, ಇಲ್ಲದಿದ್ದರೆ ಬಾಯಿ ಚರ್ಮವನ್ನೇ ಕೊಯ್ಯುತ್ತದೆ. ಒದ್ದೆ ಚರ್ಮವನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ ಹಿಡಿಯ ಅರ್ಧದಷ್ಟು ಒಳಗೆ ಹೋಗುವಂತೆ ಕೂರಿಸಬೇಕು. ನೀರು ಚರ್ಮದ ಎಳೆಗಳ ನಡುವಿನ ಸಣ್ಣ ಬೆಸುಗೆಗಳನ್ನು ಬಿಡಿಸುತ್ತದೆ, ಒಣಗಿದಾಗ ಹೊಸ ಆಕಾರದಲ್ಲಿ ಬೆಸೆದುಕೊಳ್ಳುತ್ತವೆ. ನೀರು ಚಿಮುಕಿಸಿ ಹತ್ತಿ ಸೀರೆಗೆ ಇಸ್ತ್ರಿ ಹಾಕುವುದೂ ಇದೇ ಕೆಲಸ.

ಒದ್ದೆ ಒರೆಗೆ ಸೇರಿಸುವ ಮುನ್ನ ಚಾಕುವಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಎಂದಿದ್ದರು ಅಜ್ಜ. ಮರೆತೆ. ಬೆಳಿಗ್ಗೆ ಎಳೆದು ನೋಡಿದರೆ ಅಲಗಿನ ಬುಡದಲ್ಲಿ ನೀಲಿಗಪ್ಪು ಕಲೆ. ಚರ್ಮದ ಒಗರು, ಕಬ್ಬಿಣ, ತೇವ ಮೂರೂ ಸೇರಿದರೆ ಮಸಿ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಹಾಕಿ ಲೆಕ್ಕದ ಪುಸ್ತಕಕ್ಕೆ ಮಸಿ ಮಾಡುತ್ತಿದ್ದರಲ್ಲ, ಅದೇ. ತೋರಿಸಿದೆ. ಅಜ್ಜ ಕನ್ನಡಕ ಏರಿಸಿ ನೋಡಿ, ತಮ್ಮ ಸೊಂಟದಿಂದ ಪುಕ್ಕೊ ಎಳೆದು ಪಕ್ಕಕ್ಕೆ ಹಿಡಿದರು. ಅದರ ಬುಡದಲ್ಲೂ ಅಂಥದ್ದೇ ಕಲೆ ಇತ್ತು.