ಚಪ್ಪಟೆ ಚಿತ್ರದಲ್ಲಿ ಎತ್ತರ ಕಂಡುಹಿಡಿಯುವುದು ಹೇಗೆ?

ಪ್ರಶ್ನೆ: ಗೆಲಾಕ್ಸಿಯ ತಟ್ಟೆಯ (ನಕ್ಷತ್ರ, ಅನಿಲ ಸುತ್ತುವ ಚಪ್ಪಟೆ ಭಾಗದ) ಮೇಲೂ ಹೈಡ್ರೋಜನ್ ಅನಿಲ ತೇಲುತ್ತಿದೆ, ಅದರ ನಕ್ಷೆಯನ್ನೂ ಮಾಡಿದ್ದಾರೆ ಅಂತ ಓದಿದೆ. ಆದರೆ ನಮಗೆ ಆಕಾಶ ಕಾಣುವುದೇ ಚಪ್ಪಟೆಯಾಗಿ ಅಲ್ವಾ? ಅನಿಲ ತಟ್ಟೆಯೊಳಗಿದೆಯೋ ಮೇಲಿದೆಯೋ ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಮುಖ್ಯವಾಗಿ ಅದರ ವೇಗ ನೋಡಿ.

ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನ್ ತನ್ನ ಗಿರಕಿಯ ದಿಕ್ಕು ಬದಲಿಸಿದಾಗ 21 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆ ಹೊರಡುತ್ತದೆ. ಸುಮ್ನೆ ಬಿಟ್ಟರೆ ಒಂದು ಪರಮಾಣು ಹೀಗೆ ಮಾಡಲು ಸರಾಸರಿ ಒಂದು ಕೋಟಿ ವರ್ಷ ಬೇಕು! ಆದರೆ ಪರಮಾಣುಗಳು ಲೆಕ್ಕವಿಲ್ಲದಷ್ಟಿವೆ, ಹಾಗಾಗಿ ದನಿ ಕೇಳಿಸುತ್ತದೆ. 1944ರಲ್ಲಿ ಡಚ್ ಖಗೋಳಜ್ಞ ವಾನ್ ಡಿ ಹುಲ್ಸ್ಟ್ ಇದನ್ನು ಊಹಿಸಿದರು. 1951ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಯೂವನ್ ಮತ್ತು ಪರ್ಸೆಲ್ ಹಿಡಿದರು.

ಈ ಅಲೆಯ ಆವರ್ತನ 1420.4 ಮೆಗಾಹರ್ಟ್ಸ್. ಅನಿಲ ನಮ್ಮತ್ತ ಬರುತ್ತಿದ್ದರೆ ಅದು ಚೂರು ಏರುತ್ತದೆ, ದೂರ ಹೋಗುತ್ತಿದ್ದರೆ ಇಳಿಯುತ್ತದೆ. ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗಕ್ಕೆ ಸುಮಾರು 4.7 ಕಿಲೋಹರ್ಟ್ಸ್ ವ್ಯತ್ಯಾಸ. ಹಾಗಾಗಿ ರೇಡಿಯೊ ದೂರದರ್ಶಕ ಕೊಡುವುದು ಒಂದು ಚಿತ್ರವಲ್ಲ, ಚಿತ್ರಗಳ ಕಟ್ಟು. ಒಂದೊಂದು ವೇಗಕ್ಕೆ ಒಂದೊಂದು ಹಾಳೆ. ಖಗೋಳಜ್ಞರು ಇದನ್ನು ಡೇಟಾ ಕ್ಯೂಬ್ ಅನ್ನುತ್ತಾರೆ. ನಾವು ನೋಡುವ ಬಣ್ಣದ ನಕ್ಷೆ ಹೆಚ್ಚಾಗಿ ಈ ಹಾಳೆಗಳನ್ನೆಲ್ಲ ಕೂಡಿಸಿದ್ದು. ನೋಡಲು ಚೆಂದ, ಆದರೆ ಅಸಲಿ ಸುದ್ದಿ ಹಾಳೆಗಳಲ್ಲೇ ಇರುತ್ತದೆ.

ಎನ್‌ಜಿಸಿ 891 ನಮಗೆ ಅಂಚಿನಿಂದ ಕಾಣುವ ಗೆಲಾಕ್ಸಿ. ಅಲ್ಲಿ ಎತ್ತರ ನೇರವಾಗಿ ಕಂಡೀತು ಅನ್ನಿಸುತ್ತದೆ. ಅಷ್ಟು ಸುಲಭವಿಲ್ಲ. ತಟ್ಟೆಯ ಹೊರ ಅಂಚು ಸೊಟ್ಟಗಾಗಿ ನಮ್ಮ ಕಡೆಗೆ ಬಾಗಿದ್ದರೂ ಅನಿಲ ಮೇಲೆ ಇದ್ದಂತೆಯೇ ಕಾಣುತ್ತದೆ. ಆಗ ಹಾಳೆಗಳನ್ನು ಒಂದೊಂದಾಗಿ ನೋಡಬೇಕು. ಅತಿ ವೇಗದ ಹಾಳೆಗಳಲ್ಲಿ ಅನಿಲದ ಪಟ್ಟಿ ತೆಳ್ಳಗಿದೆ, ಕಡಿಮೆ ವೇಗದವುಗಳಲ್ಲಿ ದಪ್ಪಗಿದೆ. ಅಂದರೆ ಮೇಲಿನ ಅನಿಲ ತಟ್ಟೆಗಿಂತ ನಿಧಾನವಾಗಿ ಸುತ್ತುತ್ತಿದೆ. ಸೊಟ್ಟ ತಟ್ಟೆ, ಊದಿದ ತಟ್ಟೆ, ನಿಧಾನದ ಅನಿಲ ಹೀಗೆ ಬೇರೆ ಬೇರೆ ಮಾದರಿಗಳನ್ನು ಖಗೋಳಜ್ಞರು ಕಂಪ್ಯೂಟರಿನಲ್ಲಿ ಕಟ್ಟಿ ಪ್ರತಿ ಹಾಳೆಯೊಂದಿಗೆ ಹೋಲಿಸಿದರು; ಹೊಂದಿದ್ದು ನಿಧಾನದ ಅನಿಲದ ಮಾದರಿ. ನೆದರ್ಲೆಂಡ್ಸ್‌ನ ವೆಸ್ಟರ್‌ಬೋರ್ಕ್ ದೂರದರ್ಶಕದ ಮಾಹಿತಿಯಿಂದ 2007ರಲ್ಲಿ ಬಂದ ಲೆಕ್ಕದಂತೆ, ಈ ಗೆಲಾಕ್ಸಿಯ ತಟಸ್ಥ (ವಿದ್ಯುದಾವೇಶವಿಲ್ಲದ) ಹೈಡ್ರೋಜನ್‌ನಲ್ಲಿ ಹತ್ತಿರ ಹತ್ತಿರ ಶೇ. 30 ತಟ್ಟೆಯ ಹೊರಗೇ ಇದೆ. ಒಂದು ಎಳೆಯಂತೂ ಸುಮಾರು 70,000 ಜ್ಯೋತಿರ್ವರ್ಷ ಎತ್ತರಕ್ಕೆ ಚಾಚಿದೆ.

ಓರೆಯಾಗಿ ಕಾಣುವ ಗೆಲಾಕ್ಸಿಗಳಲ್ಲಿ, ಉದಾಹರಣೆಗೆ ಎನ್‌ಜಿಸಿ 2403ರಲ್ಲಿ, ಎತ್ತರ ಕಾಣುವುದೇ ಇಲ್ಲ. ಅಲ್ಲಿ ವೇಗವೇ ಗತಿ. ಗೆಲಾಕ್ಸಿಯ ಉದ್ದಕ್ಕೂ ಎಲ್ಲೆಲ್ಲಿ ಎಷ್ಟು ವೇಗ ಎಂಬ ನಕ್ಷೆ ಬರೆದರೆ ತಟ್ಟೆಯದ್ದು ದಟ್ಟ ಗೆರೆ. ಅದಕ್ಕೆ ಅಂಟಿಕೊಂಡು, ಕಡಿಮೆ ವೇಗದ ಕಡೆಗೆ ಮಸುಕಾದ ಅನಿಲ ಜೋತುಬಿದ್ದಿರುತ್ತದೆ. ಇದಕ್ಕೆ ಖಗೋಳಜ್ಞರು ಇಟ್ಟ ಹೆಸರು ಗಡ್ಡ! ತಮಾಷೆಯಲ್ಲ, ಸಂಶೋಧನಾ ಲೇಖನಗಳಲ್ಲೂ ಹಾಗೇ ಬರೆಯುತ್ತಾರೆ.

ಅನಿಲ ಅಲ್ಲಿಗೆ ಹತ್ತಿದ್ದು ಹೇಗೆ? ಸೂಪರ್ನೋವಾ ಸ್ಫೋಟಗಳು (ನಕ್ಷತ್ರಗಳು ಸಿಡಿಯುವುದು) ಅದನ್ನು ಕಾರಂಜಿಯಂತೆ ಮೇಲಕ್ಕೆ ಚಿಮ್ಮಿಸುತ್ತವೆ, ತಣಿದು ಮತ್ತೆ ತಟ್ಟೆಗೆ ಬೀಳುತ್ತದೆ. ಆದರೆ ಬರೀ ಕಾರಂಜಿ ಆಗಿದ್ದರೆ ಅನಿಲ ಇಷ್ಟು ನಿಧಾನವಾಗುತ್ತಿರಲಿಲ್ಲ. ಅದಕ್ಕೇ, ಗೆಲಾಕ್ಸಿಯ ಹೊರಗಿನಿಂದ ಬೀಳುವ ಅನಿಲವೂ ಒಂದಿಷ್ಟು ಬೆರೆತಿರಬೇಕು ಎಂಬ ವಾದವಿದೆ.