ಯಾವುದರ ಗ್ರಾಂ?

ಟಾರ್ಚಿನ ಹಳೇ ಶೆಲ್ ಒಡೆದು ನೋಡದ ಹುಡುಗರು ನಮ್ಮ ಕಾಲದಲ್ಲಿ ಕಡಿಮೆ. ಕೈಗೆಲ್ಲ ಮೆತ್ತುತ್ತಿದ್ದ ಆ ಕರಿ ಪುಡಿ ಮ್ಯಾಂಗನೀಸ್ ಡೈಆಕ್ಸೈಡ್, ಜೊತೆಗೆ ಇಂಗಾಲದ ಮಸಿ. ಈ ಆಕ್ಸೈಡಿನೊಳಗೆ ವಿದ್ಯುತ್ ಸರಾಗವಾಗಿ ಹರಿಯುವುದಿಲ್ಲ, ಅದಕ್ಕೇ ಮಸಿ ಬೆರೆಸುವುದು. ಪ್ರಯೋಗಾಲಯದಲ್ಲಿ ನಾನು ಇಷ್ಟು ವರ್ಷ ಗುದ್ದಾಡಿದ್ದೂ ಇದೇ ಕೊರತೆಯ ಜೊತೆ.

ಸೂಪರ್‌ಕೆಪಾಸಿಟರ್ ಎಂದರೆ ಬ್ಯಾಟರಿಗಿಂತ ಬೇಗ ಚಾರ್ಜ್ ತುಂಬಿಕೊಂಡು ಬೇಗ ಬಿಟ್ಟುಕೊಡುವ ಸಾಧನ. ಆ ಕ್ಷೇತ್ರದಲ್ಲಿ ಮೊದಲು ಹೆಸರು ಮಾಡಿದ್ದು ರುಥೇನಿಯಂ ಆಕ್ಸೈಡ್. 1971ರಲ್ಲಿ ಟ್ರಸಾಟಿ, ಬುಝಾಂಕಾ ಅದರ ಚಾರ್ಜ್ ಕೂಡಿಡುವ ಗುಣ ತೋರಿಸಿದರು. ಆದರೆ ಪ್ಲಾಟಿನಂ ಕುಲದ ಲೋಹ, ಬೆಲೆ ಕೇಳಿದರೆ ಕೈ ಹಿಂದೆ ಸರಿಯುತ್ತದೆ. 1999ರಲ್ಲಿ ಲೀ ಮತ್ತು ಗುಡ್‌ಇನಫ್ ಮ್ಯಾಂಗನೀಸ್ ಡೈಆಕ್ಸೈಡನ್ನು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಪರೀಕ್ಷಿಸಿದ ಮೇಲೆ ಎಲ್ಲರ ಕಣ್ಣು ಇತ್ತ ಹೊರಳಿತು. ಮ್ಯಾಂಗನೀಸ್ ಅಗ್ಗ, ನಮ್ಮ ಸಂಡೂರಿನ ಗುಡ್ಡಗಳಲ್ಲೂ ಅದರ ಅದಿರಿದೆ.

ಕಾಗದದ ಮೇಲಿನ ಲೆಕ್ಕದಲ್ಲಿ ಇದಕ್ಕೆ ಗ್ರಾಂಗೆ 1,300 ಫ್ಯಾರಡ್ ಆಸುಪಾಸು; ಫ್ಯಾರಡ್ ಎಂದರೆ ಚಾರ್ಜ್ ಹಿಡಿದಿಡುವ ಸಾಮರ್ಥ್ಯದ ಅಳತೆ. ದಪ್ಪಗೆ ಬಳಿದರೆ ಸಿಗುವುದು 200ರ ಸುತ್ತಮುತ್ತ. ಕೆಲಸ ಮಾಡುವುದು ಕಣದ ತೊಗಲು ಮಾತ್ರ, ಒಡಲು ಸುಮ್ಮನೆ ಕೂತಿರುತ್ತದೆ. ಅಚ್ಚು ಬೆಲ್ಲ ನೀರಿಗೆ ಹಾಕಿದರೆ ಕರಗಲು ಹೊತ್ತು ಬೇಕು, ಪುಡಿ ಮಾಡಿದರೆ ಕ್ಷಣ ಸಾಕು. ನ್ಯಾನೋ ಕಣದ ಉಪಯೋಗವೂ ಅಲ್ಲೇ. ಅಯಾನು ಒಳನುಗ್ಗಬೇಕಾದ ದಾರಿ 10 ಮೈಕ್ರಾನಿನಿಂದ 100 ನ್ಯಾನೋಮೀಟರಿಗೆ ಇಳಿದರೆ ದೂರ ನೂರು ಪಟ್ಟು ಕಡಿಮೆ, ಸಮಯ ದೂರದ ವರ್ಗದಂತೆ ಇಳಿಯುವುದರಿಂದ ಹತ್ತು ಸಾವಿರ ಪಟ್ಟು ಕಡಿಮೆ.

ಇಲ್ಲಿಯವರೆಗೆ ತಕರಾರಿಲ್ಲ. ತಕರಾರು ಗ್ರಾಂನದು.

ನಿಕಲ್ ಆಕ್ಸೈಡ್ ಮೇಲೆ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿನಿ ಒಮ್ಮೆ ಓಡಿ ಬಂದಳು. “ಸರ್, 1,800 ಬಂತು!”

“ಎಷ್ಟು ಕೂರಿಸಿದ್ದೀಯಮ್ಮ?”

“ಅರ್ಧ ಮಿಲಿಗ್ರಾಂ, ನಿಕಲ್ ಫೋಮ್ ಮೇಲೆ.”

“ಬರೀ ಫೋಮನ್ನು ಒಮ್ಮೆ ಓಡಿಸಿ ನೋಡು.”

ಫೋಮ್ ಎಂದರೆ ಪುಡಿಯನ್ನು ಕೂರಿಸುವ, ಸ್ಪಂಜಿನಂಥ ನಿಕಲ್ ಹಾಳೆ. ಕ್ಷಾರದ ದ್ರಾವಣದಲ್ಲಿ ನಿಕಲ್ ತಾನೇ ಆಕ್ಸೈಡ್ ಪದರ ಕಟ್ಟಿಕೊಂಡು ಚಾರ್ಜ್ ಕೊಡುತ್ತದೆ. ಬರೀ ಫೋಮಿನ ಅಳತೆಯ ಗೆರೆಯಲ್ಲೂ ಅದೇ ಜಾಗದಲ್ಲಿ ಪೀಕ್ (ಏರು) ಎದ್ದಿತ್ತು. ಜಮೆಯಲ್ಲಿ ಫೋಮಿನ ಪಾಲು ಸೇರಿತ್ತು, ತೂಕದಲ್ಲಿ ಸೇರಿರಲಿಲ್ಲ. ಒಂದು ಚದರ ಸೆಂಟಿಮೀಟರ್ ಫೋಮೇ ಸುಮಾರು 35 ಮಿಲಿಗ್ರಾಂ ತೂಗುತ್ತದೆ. 1,800 ನಿಜವೆಂದೇ ಇಟ್ಟುಕೊಳ್ಳಿ; ಅರ್ಧ ಮಿಲಿಗ್ರಾಂಗೆ ಅದು 0.9 ಫ್ಯಾರಡ್. ಒಟ್ಟು ತೂಕಕ್ಕೆ ಭಾಗಿಸಿದರೆ ಗ್ರಾಂಗೆ 25. ಮಾರುಕಟ್ಟೆಯ ಸಾದಾ ಸಕ್ರಿಯ ಇಂಗಾಲ ಗ್ರಾಂಗೆ 100 ಕೊಟ್ಟರೂ, ಚದರ ಸೆಂಟಿಮೀಟರಿಗೆ 10 ಮಿಲಿಗ್ರಾಂ ಬಳಿದಿರುವುದರಿಂದ ಪೂರಾ ಒಂದು ಫ್ಯಾರಡ್ ಆಗುತ್ತದೆ, ಅದೂ ತೆಳು ಅಲ್ಯೂಮಿನಿಯಂ ಹಾಳೆಯ ಮೇಲೆ.

ಇನ್ನೊಂದು ಮಾತು. ನಿಕಲ್ ಆಕ್ಸೈಡ್ ಕ್ಷಾರದಲ್ಲಿ ಬ್ಯಾಟರಿಯಂತೆ ನಡೆದುಕೊಳ್ಳುತ್ತದೆ, ಚಾರ್ಜ್ ಖಾಲಿಯಾಗುವಾಗ ವೋಲ್ಟೇಜಿನ ಗೆರೆ ನೇರವಾಗಿ ಇಳಿಯದೆ ನಡುವೆ ಸಮತಟ್ಟಾಗುತ್ತದೆ. ಅಂಥದ್ದನ್ನು ಫ್ಯಾರಡಿನಲ್ಲಿ ಅಳೆಯುವುದೇ ತಪ್ಪು, ಮಿಲಿಆಂಪ್-ಗಂಟೆಯಲ್ಲಿ ಹೇಳಬೇಕು. ಆದರೂ ಫ್ಯಾರಡಿನಲ್ಲಿ ಬರೆದ ಲೇಖನಗಳು ಈಗಲೂ ಬರುತ್ತಿವೆ. ದೊಡ್ಡ ಸಂಖ್ಯೆಯ ಮೋಹ ಬಿಡುವುದು ಕಷ್ಟ.

ಮೊನ್ನೆ ಅದೇ ಹುಡುಗಿ 8 ಮಿಲಿಗ್ರಾಂ ಬಳಿದು ತಂದಳು, ಫೋಮ್ ಬಿಟ್ಟು ಇಂಗಾಲದ ಹಾಳೆಯ ಮೇಲೆ. ಸಂಖ್ಯೆ ಪಾತಾಳಕ್ಕಿಳಿದಿತ್ತು, ಒಣಗುವಾಗ ಪದರ ಬಿರುಕೂ ಬಿಟ್ಟಿತ್ತು. ಸದ್ಯ ಬೈಂಡರ್, ಅಂದರೆ ಪುಡಿಯನ್ನು ಹಿಡಿದಿಡುವ ಅಂಟು, ಬದಲಿಸಿ ನೋಡುತ್ತಿದ್ದೇವೆ.